ನನಗೆ ಸಿಕ್ಕ ಕನಕಾಂಬಿಕೆ ಪಟ್ಟ

ಮನುಷ್ಯರ ಸ್ವಭಾವವನ್ನು ಅವರನ್ನೇ ಕೇಳಿ ತಿಳಿದುಕೊಳ್ಳುವುದು ನಮ್ಮ ಮಧುಗಿರಿ ಕಡೆಯ ಪದ್ಧತಿಯಲ್ಲ. ಮೊಸರು ಮಾರುವವಳು ತನ್ನ ಮೊಸರು ಹುಳಿ ಎಂದು ಹೇಳುತ್ತಾಳೆಯೇ? ಹಾಗಾಗಿ ಒಂದು ಮನೆಗೆ ಹೆಣ್ಣು ಕೊಡಬೇಕಾದರೆ ಆ ಮನೆಯವರನ್ನು ಬಿಟ್ಟು ಉಳಿದವರನ್ನೆಲ್ಲ ವಿಚಾರಿಸುತ್ತಾರೆ. ನನ್ನ ಮಗನಿಗೆ ಹೆಣ್ಣು ಕೊಡುವ ಮುಂಚೆ ಪಾವಗಡದ ಬೀಗರು ನಮ್ಮ ಮನೆಗೆ ಬಂದು ಜಾತಕ ನೋಡಿ, ಕಾಫಿ ಕುಡಿದು, ನಮ್ಮನ್ನು ಒಂದೂ ಪ್ರಶ್ನೆ ಕೇಳದೆ ಎದ್ದುಹೋದರು. ಆಮೇಲೆ ನೇರವಾಗಿ ಬಸ್ ಸ್ಟ್ಯಾಂಡ್ ಹತ್ತಿರ ಹೂವು ಮಾರುವ ಸಿದ್ದಮ್ಮನ ಮುಂದೆ ಕೂತರಂತೆ. ಸಿದ್ದಮ್ಮ ಮೊಳ ಹಾಕುತ್ತಲೇ ತೀರ್ಪು ಕೊಟ್ಟಳಂತೆ: "ಯಜಮಾನ್ರು ದೇವ್ರಂಥೋರು. ಹುಡ್ಗ ಪಂಪ್‌ಸೆಟ್ ರಿಪೇರಿ ಅಂಗ್ಡಿ ಮಡ್ಗವ್ನೆ, ಒಳ್ಳೇನು. ಅತ್ತೇನಾ? ಆಯಮ್ಮ ಮೇಡಮ್ಮು ಕಣಪ್ಪ. ಬಾಯಿ ಒಸಿ ಜೋರು. ಬುಡು, ಪಾಠ ಹೇಳಿ ಹೇಳಿ ಅಂಗಾಗೈತೆ." ಈ ವರದಿಯ ಮೇಲೆಯೇ ಲಾವಣ್ಯ ನಮ್ಮ ಮನೆಗೆ ಸೊಸೆಯಾಗಿ ಬಂದಳು. ಇಷ್ಟು ಚೆನ್ನಾಗಿರುವ ಪದ್ಧತಿಯನ್ನು ಬಿಟ್ಟು ನನ್ನ ಸ್ವಭಾವವನ್ನು ನಾನೇ ಮೊಬೈಲಿಗೆ ಹೇಳಲು ಹೋದೆನಲ್ಲ, ಅದಕ್ಕೇ ಆಗಬೇಕಾದ್ದು ಆಯಿತು.

ಸೊಸೆ ಬಂದಾಗಿನಿಂದ ನನಗಿದ್ದದ್ದು ಒಂದೇ ಆಸೆ. ಈ ಹುಡುಗಿ ನನಗೆ ಹೆದರಬಾರದು. ಕೊರಟಗೆರೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನ್ನನ್ನು ಕಂಡರೆ ಹೆದರುವ ಮಕ್ಕಳು ಬೇಕಾದಷ್ಟಿದ್ದಾರೆ, ಮನೆಯಲ್ಲೂ ಒಬ್ಬಳು ಬೇಡ. ಆದರೆ ಲಾವಣ್ಯಳ ಬಾಯಿಂದ "ಹೂಂ ಅತ್ತಮ್ಮ", "ಸರಿ ಅತ್ತಮ್ಮ" ಬಿಟ್ಟರೆ ಮೂರನೆಯ ಮಾತು ಹೊರಡುತ್ತಿರಲಿಲ್ಲ. ನಗು ಬಂದರೂ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ನಾನೋ, ನನ್ನ ಒಳ್ಳೆಯತನವನ್ನು ಅವಳಿಗೆ ತಿಳಿಸಲು ಟಿವಿಯ ಸಹಾಯ ತೆಗೆದುಕೊಂಡಿದ್ದೆ. ಸಂಜೆ ಒಂದು ಧಾರಾವಾಹಿ ಬರುತ್ತದೆ. ಅದರಲ್ಲಿ ಕನಕಾಂಬಿಕಾ ದೇವಿ ಎನ್ನುವ ಅತ್ತೆ. ಮಲಗುವಾಗಲೂ ರೇಷ್ಮೆ ಸೀರೆ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಅವಳು ಬಾಗಿಲಿಗೆ ಬಂದು ನಿಂತರೆ ಸಾಕು, ಗುಡುಗು ಸಿಡಿಲಿನ ಸಂಗೀತ. ಅವಳ ಸೊಸೆ ಸುಹಾಸಿನಿ ಅಳುವುದಕ್ಕೆಂದೇ ಹುಟ್ಟಿದವಳು. ಈ ಇಬ್ಬರ ನಡುವೆ ಗುಂಡುಮಾವ ಎನ್ನುವ ಒಬ್ಬ ಮಾವ. ಎಲ್ಲರ ವಿಷಯಕ್ಕೂ ಮೂಗು ತೂರಿಸಿ, ಒಂದು ಮಾಡಲು ಹೋಗಿ ಇನ್ನೊಂದು ಮಾಡುವುದು ಅವನ ಕೆಲಸ. ಅವನು ಬಂದಾಗ ಮಾತ್ರ ಪೀಪಿ ಊದಿದ ಸದ್ದು. ಕನಕಾಂಬಿಕೆ ಸೊಸೆಯ ಪಾಯಸಕ್ಕೆ ಉಪ್ಪು ಸುರಿದ ದಿನ ನಾನು, "ಥೂ, ಇವಳ ಮನೆ ಹಾಳಾಗ! ಇಂಥೋಳೂ ಒಬ್ಬಳು ಅತ್ತೇನಾ?" ಎಂದು ಬೀದಿಗೆ ಕೇಳುವಂತೆ ಬೈದೆ. ಪಕ್ಕದಲ್ಲಿದ್ದ ಲಾವಣ್ಯ, "ಅವ್ನು ಅತ್ತಮ್ಮ" ಎಂದಳು. ಪಾವಗಡದ ಕಡೆಯವರಿಗೆ ಹೌದು ಎನ್ನುವುದು ತೆಲುಗಿನಲ್ಲಿಯೇ ಬರುತ್ತದೆ.

ಹೀಗಿರುವಾಗ ನಮ್ಮ ಸ್ಟಾಫ್ ರೂಮಿಗೆ ಆ ರೋಗ ಬಂತು. ಸಿರಾದಿಂದ ಓಡಾಡುವ ವಿಜ್ಞಾನದ ನಸೀಮ್ ಟೀಚರ್ ನಮ್ಮ ವಾಟ್ಸಾಪ್ ಗುಂಪಿಗೆ ಅದೇ ಧಾರಾವಾಹಿಯದೊಂದು ಲಿಂಕ್ ಹಾಕಿದರು. "ಈ ಧಾರಾವಾಹಿಯ ಯಾವ ಪಾತ್ರ ನೀವು? ಮನಶ್ಶಾಸ್ತ್ರದ ಪ್ರಕಾರ ತಿಳಿಯಿರಿ!" ಮಕ್ಕಳಿಗೆ ಮೊಬೈಲ್ ಮುಟ್ಟಬೇಡಿ ಎಂದು ಉಪದೇಶ ಮಾಡುವ ನಾವೆಲ್ಲ ಮಧ್ಯಾಹ್ನದ ಡಬ್ಬಿ ಪಕ್ಕಕ್ಕಿಟ್ಟು ಅದರಲ್ಲಿ ಮುಳುಗಿದೆವು. ನಸೀಮ್ ಟೀಚರ್ ಸುಹಾಸಿನಿ. ಹಿಂದಿ ಮೇಡಂ ಸುಹಾಸಿನಿ. ಗಂಟೆ ಕೂಡ ಯಾರ ಅಪ್ಪಣೆಯಿಲ್ಲದೆ ಹೊಡೆಯುವುದಿಲ್ಲವೋ ಆ ನಮ್ಮ ಹೆಡ್ ಮೇಡಂ ಸುಹಾಸಿನಿ. ಕೊನೆಗೆ ಗಿರಿಜಾ ಮೀಸೆಯ ಪಿಟಿ ಮೇಷ್ಟ್ರು ಕೂಡ ಸುಹಾಸಿನಿ. ಇಷ್ಟು ಜನ ಸುಹಾಸಿನಿಯರು ಇರುವ ಕಡೆ ನಾನೂ ಒಬ್ಬಳು ಎಂದು ಧೈರ್ಯವಾಗಿ ಒತ್ತಲು ಶುರುಮಾಡಿದೆ.

ಒಂದು ಪ್ರಶ್ನೆ ಹೀಗಿತ್ತು: "ನೀವು ಕೊಟ್ಟದ್ದನ್ನು ಯಾರಾದರೂ ಬೇಡ ಎಂದರೆ ಏನು ಮಾಡುತ್ತೀರಿ?" ಅವರ ಇಷ್ಟವನ್ನು ಗೌರವಿಸುತ್ತೇನೆ ಎಂಬುದು ಒಂದು ಉತ್ತರ, ಒಪ್ಪುವವರೆಗೂ ಬಿಡುವುದಿಲ್ಲ ಎಂಬುದು ಇನ್ನೊಂದು. ಇದೂ ಒಂದು ಪ್ರಶ್ನೆಯೇ? ಎಲೆಯ ಮುಂದೆ ಕೂತ ನೆಂಟ ಎರಡನೆಯ ಮುದ್ದೆಗೆ ಬೇಡ ಎಂದರೆ, ಇನ್ನೊಂದು ಸಲ ಕೇಳಿ ಎಂದು ಅರ್ಥ. ಕೈ ಅಡ್ಡ ಇಟ್ಟರೆ, ಕೈ ಪಕ್ಕಕ್ಕೆ ಸರಿಸಿ ಬಡಿಸಿ ಎಂದು ಅರ್ಥ. ಅವನ ಇಷ್ಟವನ್ನು ಗೌರವಿಸಿದರೆ ಅವನು ಊರಿಗೆ ಹೋಗಿ ನಮ್ಮ ಮಾನ ಕಳೆಯುತ್ತಾನೆ. ಹಾಗಾಗಿ ಒಪ್ಪುವವರೆಗೂ ಬಿಡುವುದಿಲ್ಲ ಎಂದು ಹೆಮ್ಮೆಯಿಂದ ಒತ್ತಿದೆ. ಇನ್ನೊಂದು ಪ್ರಶ್ನೆ: "ಅಪರಿಚಿತರ ಸ್ವಂತ ವಿಷಯ ತಿಳಿದುಕೊಳ್ಳುವ ಕುತೂಹಲ ಇದೆಯೇ?" ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸನ್ನು ಯಾವೂರು, ಯಾರ ಮನೆ, ಎಷ್ಟು ಮಕ್ಕಳು, ದೊಡ್ಡವಳಿಗೆ ಇನ್ನೂ ಯಾಕೆ ಮದುವೆಯಾಗಿಲ್ಲ ಎಂದು ಕೇಳದಿದ್ದರೆ, "ಆಯಮ್ಮಂಗೆ ಎಷ್ಟು ಜಂಬ ನೋಡು" ಎನ್ನುವ ಸೀಮೆ ನಮ್ಮದು. ತುಂಬಾ ಇದೆ ಎಂದು ಒತ್ತಿದೆ. ಮನೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿತು. ನಮ್ಮವರ ಹತ್ತಿರ ಕೊಟ್ಟರೆ ಸಂಜೆಯೊಳಗೆ ಬಾಗಿಲನ್ನೇ ಒಡೆಯಬೇಕಾಗುತ್ತದೆ, ಆದ್ದರಿಂದ ನನ್ನ ಹತ್ತಿರ ಎಂದೆ. ಎಲ್ಲ ಉತ್ತರವೂ ಸರಿಯಾಗಿದೆ ಎಂಬ ನಂಬಿಕೆಯಲ್ಲಿ ಫಲಿತಾಂಶಕ್ಕೆ ಕಾದೆ.

ಗುಡುಗಿನ ಸದ್ದಿನೊಂದಿಗೆ ಕನಕಾಂಬಿಕೆಯ ಮುಖ ಬಂತು. "ಅಭಿನಂದನೆಗಳು! ನೀವು ಕನಕಾಂಬಿಕೆ. ಅಧಿಕಾರ ನಿಮಗೆ ಉಸಿರು. ಬೇರೆಯವರ ಇಚ್ಛೆಗೆ ನಿಮ್ಮಲ್ಲಿ ಬೆಲೆಯಿಲ್ಲ. ನಿಮ್ಮ ಸುತ್ತ ಇರುವವರು ನಿಮ್ಮೆದುರು ನಿಜ ಹೇಳಲು ಹೆದರುತ್ತಾರೆ." ಇಷ್ಟು ಬೈದು ಅಭಿನಂದನೆ ಬೇರೆ. ನಸೀಮ್ ಟೀಚರ್ ನನ್ನ ಮುಖ ನೋಡಿ, "ಅರೆ, ಬೇಜಾರ್ ಮಾಡ್ಕೋಬ್ಯಾಡಿ ಪಾರ್ವತಿ ಟೀಚರ್. ಮೊಬೈಲಿಗೇನು ಅಕಲ್ ಐತಾ? ನೀವು ಜವಾಬು ತಪ್ಪು ಒತ್ತೀರಿ" ಎಂದರು.

"ನೀವು ಹೆಂಗೆ ಒತ್ತಿದ್ರಿ?" ಎಂದು ಕೇಳಿದೆ.

"ನಾನಾ? ಯಾವುದ್ರಾಗೆ ಅಳೋದು ಐತೋ ಅದು ಒತ್ತಿದೆ."

ಮನೆಗೆ ಬಂದು ನಮ್ಮವರ ಮುಂದೆ ದುಃಖ ತೋಡಿಕೊಂಡೆ. ಬಂಡೆಯ ಬೆಟ್ಟದಿಂದ ಬರುವ ಕಾವಿಗೆ ಬನಿಯನ್ ತೆಗೆದು ಜಗುಲಿಯ ಮೇಲೆ ಕೂತಿದ್ದ ಅವರು ಫಲಿತಾಂಶವನ್ನು ಎರಡು ಸಲ ಓದಿ, "ಇದನ್ನ ಹೇಳೋಕೆ ಮೊಬೈಲು ಬೇಕಿತ್ತೇನೆ? ನನ್ನ ಕೇಳಿದ್ರೆ ಆಗ್ತಿತ್ತಲ್ಲ" ಎಂದರು. ಸಿದ್ದಮ್ಮ ಇವರನ್ನೇ ದೇವರಂಥವರು ಎಂದದ್ದು.

ಅಂದಿನಿಂದ ನಾನು ಬದಲಾಗಲು ನಿರ್ಧರಿಸಿದೆ. ಕೋರ್ಟಿನ ಕೆಲಸಕ್ಕೆಂದು ಪುರವರದಿಂದ ಬಂದ ನಮ್ಮ ಮೈದುನ ಊಟಕ್ಕೆ ಕೂತ. ಒಂದು ಮುದ್ದೆ ಮುಗಿಸಿ, "ಸಾಕು ಬುಡಿ ಅತ್ತಿಗೆ" ಎಂದ. ಅವನ ಇಷ್ಟವನ್ನು ಗೌರವಿಸಿ ಮುದ್ದೆಯ ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋದೆ. ಅವನು ಅಡ್ಡ ಹಿಡಿದಿದ್ದ ಕೈಯನ್ನು ಹಾಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ಅಡುಗೆಮನೆಯ ಬಾಗಿಲನ್ನೇ ನೋಡಿದ. ಆಮೇಲೆ ತಟ್ಟೆಯಲ್ಲಿ ಉಳಿದಿದ್ದ ಸೊಪ್ಪಿನ ಸಾರನ್ನು ಬರಿದೇ ಕುಡಿದು ಎದ್ದ. ಸಂಜೆ ಪುರವರದಿಂದ ಫೋನು: "ಅತ್ತಿಗೆಗೆ ಮೈಯಾಗೆ ಹುಷಾರಿಲ್ವಾ ಅಣ್ಣ? ಇಲ್ಲಾಂದ್ರೆ ನಮ್ಮೇಲೆ ಏನಾರ ಮನಸ್ತಾಪವಾ?"

ಸೊಸೆಯ ವಿಷಯದಲ್ಲಿ ಇದಕ್ಕಿಂತ ಕೆಟ್ಟದಾಯಿತು. "ಯಾವ ಸಾರು ಮಾಡ್ಲಿ ಅತ್ತಮ್ಮ?" ಎಂದಳು. ನಾನು ಅಧಿಕಾರ ಬಿಟ್ಟುಕೊಟ್ಟವಳಲ್ಲವೇ? "ನಿನ್ನಿಷ್ಟ ಕಣಮ್ಮ" ಎಂದೆ. ತವರಿಗೆ ಯಾವಾಗ ಹೋಗಲಿ ಎಂದಳು. "ನಿನ್ನಿಷ್ಟ" ಎಂದೆ. ಪಾವಗಡದಲ್ಲಾಗಲಿ ಮಧುಗಿರಿಯಲ್ಲಾಗಲಿ, ಅತ್ತೆಯ ಬಾಯಲ್ಲಿ ಈ ಮಾತು ಬಂದರೆ ಅದು ಸಿಡಿಲಿಗೆ ಮುಂಚಿನ ಮಿಂಚು ಎಂಬುದು ನನಗೆ ಮರೆತೇಹೋಗಿತ್ತು. ಮಗ ಅಂಗಡಿಗೆ ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮ, ಅವಳ ಮೇಲೆ ಏನಾದ್ರೂ ಕೋಪಾನಾ? ರಾತ್ರಿಯೆಲ್ಲ ಅತ್ಲು. ತಾನೇನು ತಪ್ಪು ಮಾಡಿದೆ ಅಂತ ನನ್ನ ಕೇಳ್ತಾಳೆ" ಎಂದ. ಅವಳು ಹೆದರಬಾರದೆಂದು ನಾನು ಇಷ್ಟೆಲ್ಲ ಮಾಡಿದರೆ ಹುಡುಗಿ ಸುಹಾಸಿನಿಯೇ ಆಗಿಬಿಟ್ಟಿದ್ದಳು. ಹಾಗಾದರೆ ನಾನು ಯಾರಾದೆ?

ಅವತ್ತು ಸಂಜೆ ಲಾವಣ್ಯ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಮುಂದೆ ಹೋಗಿ ಕೂತು ನಾನೂ ಬಿಡಿಸುತ್ತಾ ಎಲ್ಲವನ್ನೂ ಹೇಳಿದೆ. ಕನಕಾಂಬಿಕೆ ಬಂದದ್ದು, ಮೈದುನನ ಮುದ್ದೆ, ನಿನ್ನಿಷ್ಟ ಎಂದದ್ದು ಯಾಕೆ ಎಂಬುದು. ಕೊನೆಗೆ ಫೋನನ್ನು ಅವಳ ಕೈಗಿಟ್ಟು, "ನನ್ನ ಸ್ವಭಾವ ನಾನು ಹೇಳಬಾರದು ಕಣಮ್ಮ. ನೀನು ಒತ್ತು. ಏನು ಬರುತ್ತೋ ಬರಲಿ" ಎಂದೆ. ಅವಳು ಕೈ ಒರೆಸಿಕೊಂಡು, ಫೋನನ್ನು ನನಗೆ ಕಾಣದ ಹಾಗೆ ತಿರುಗಿಸಿಕೊಂಡು, ಟಕಟಕ ಒತ್ತಿ ನನಗೆ ಕೊಟ್ಟಳು. ಸುಹಾಸಿನಿ! ನನ್ನ ಮುಖ ಅರಳಿದ್ದು ನನಗೇ ಗೊತ್ತಾಯಿತು. ಆದರೆ ಎಷ್ಟಾದರೂ ಪರೀಕ್ಷೆ ಕೊಠಡಿಯಲ್ಲಿ ಪಳಗಿದ ಕಣ್ಣು. ಪ್ರಶ್ನೆ ಓದದೆ ಒತ್ತುವವರನ್ನು ನಾನು ಕಂಡಿಲ್ಲವೇ?

"ನಿಜ ಹೇಳು, ನಸೀಮ್ ಟೀಚರ್ ತರಹ ಅಳೋದನ್ನೇ ಒತ್ತಿದೆಯಾ?"

ಅವಳು ತಲೆ ತಗ್ಗಿಸಿದಳು. "ಹೂಂ ಅತ್ತಮ್ಮ. ನೀವು ನೊಂದ್ಕೋತೀರಂತ ಸುಳ್ಳು ಒತ್ಬುಟ್ಟೆ."

ಸುತ್ತ ಇರುವವರು ನಿಮ್ಮೆದುರು ನಿಜ ಹೇಳಲು ಹೆದರುತ್ತಾರೆ ಎಂದು ಮೊಬೈಲು ಮೊದಲೇ ಹೇಳಿತ್ತು. ನನಗೆ ಅಳುವೇ ಬಂತು. "ಅಷ್ಟು ಹೆದರಿಕೇನಾ ನನ್ನ ಕಂಡ್ರೆ?" ಎಂದೆ.

"ಅಯ್ಯೋ, ಹೆದ್ರಿಕೆ ಯಾತಕ್ಕೆ ಅತ್ತಮ್ಮ? ನೀವು ಸಣ್ಣ ಮಗೂನಂಗೆ ಮುಖ ಮಾಡ್ಕೊಂಡು ಕೂತಿದ್ರಿ ಕದಾ, ಪಾಪ ಅನ್ನಿಸ್ತು" ಎಂದಳು. ಮತ್ತೆ ಯಾಕೆ ಮನೆಯಲ್ಲಿ ಮಾತೇ ಆಡುವುದಿಲ್ಲ ಎಂದರೆ, "ನಂದು ತೆಲುಗು ಕಲ್ಸಿದ ಕನ್ನಡ. ನೀವು ಟೀಚರು, ತಪ್ಪು ತಿದ್ದುತೀರೇನೋ ಅಂತ ಸುಮ್ಮನಿದ್ದೆ" ಎಂದಳು. ಮದುವೆಯಾಗಿ ಬಂದ ಮೇಲೆ ಅವಳು ಆಡಿದ ಅತಿ ಉದ್ದದ ಮಾತು ಅದೇ. ನಾನು ಗಣಿತದವಳು ಕಣಮ್ಮ, ಲೆಕ್ಕ ಬಿಟ್ಟು ಬೇರೇನೂ ತಿದ್ದಲ್ಲ ಎಂದು ಆಣೆ ಮಾಡಿ, "ಈಗ ನಿಜವಾದ್ದನ್ನೇ ಒತ್ತು, ಜೋರಾಗಿ ಓದಿ ಒತ್ತು" ಎಂದೆ.

ಅವಳು ಓದತೊಡಗಿದಳು. "ಗುಟ್ಟಾಗಿ ಏನಾದರೂ ಮಾಡಲು ಹೋದರೆ ಏನಾಗುತ್ತದೆ? ಇಡೀ ಬೀದಿಗೆ ಗೊತ್ತಾಗುತ್ತದೆ." ಟಕ್. "ಮೊನ್ನೆ ನಂಗೆ ಹುಟ್ಟಿದಬ್ಬಕ್ಕೆ ಸೀರೆ ತಂದು ಅಕ್ಕಿ ಡಬ್ಬಿ ಹಿಂದೆ ಮಡಗಿ, ಅಕ್ಕಿ ಡಬ್ಬಿ ಮುಟ್ಬ್ಯಾಡ ಮುಟ್ಬ್ಯಾಡ ಅಂತ ದಿನಾ ಹೇಳಿದ್ರಿ ಕದಾ ಅತ್ತಮ್ಮ! ನಾನು ಮೊದಲ್ನೇ ದಿನಾನೇ ನೋಡಿದ್ದೆ." ಮುಂದಿನದು, "ಕೋಪ ಬಂದರೆ? ಬೈದು ಮರೆತುಬಿಡುತ್ತೇನೆ." ಟಕ್. "ಬೈತಾ ಬೈತಾನೇ ಕಾಫಿ ಕುಡ್ದ್ಯಾ ಅಂತೀರಿ." ಹೀಗೆ ಪ್ರಶ್ನೆಗೊಂದು ಸಾಕ್ಷಿ ಕೊಡುತ್ತಾ ಕೊನೆಯದನ್ನು ಒತ್ತಿದಳು. ಫೋನಿನಿಂದ ಪೀಪಿ ಊದಿದ ಸದ್ದು ಬಂತು. "ಅಭಿನಂದನೆಗಳು! ನೀವು ಗುಂಡುಮಾವ!"

ಲಾವಣ್ಯ ನಕ್ಕಳು. ಸೆರಗು ಮರೆತು, ಅವರೆಕಾಯಿಯ ಮೊರ ಉರುಳಿಸಿ, ಗೋಡೆಗೆ ಒರಗಿಕೊಂಡು ನಕ್ಕಳು. ನಮ್ಮವರು ಜಗುಲಿಯಿಂದ ಎದ್ದು ಬಂದು ಏನಾಯಿತೆಂದು ಕೇಳುವಷ್ಟು ಜೋರಾಗಿ ನಕ್ಕಳು. ಈ ಹುಡುಗಿ ನನಗೆ ಹೆದರಬಾರದೆಂದು ನಾನು ಬೇಡಿಕೊಂಡದ್ದು ಹೀಗೆ ಸಿಕ್ಕಿತು. ಎದೆಯ ಮೇಲಿನ ಭಾರ ಇಳಿದು ನಾನೂ ನಕ್ಕೆ. ನಗುತ್ತಾ ನಗುತ್ತಾ ಒಳಗೆ ಎಲ್ಲೋ ಚುರುಕ್ಕೆಂದಿತು. ಗುಂಡುಮಾವನೇ? ಇಷ್ಟು ವರ್ಷ ತರಗತಿಗಳನ್ನು ಕಣ್ಣಲ್ಲೇ ನಿಲ್ಲಿಸಿದ ನಾನು ಗುಂಡುಮಾವನೇ?

"ಒಂದು ಚೂರೂ ಹೆದರಿಕೆ ಇಲ್ವೇನೆ?" ಎಂದು ಕೇಳಿದೆ.

"ನಿಮಗೆ ಯಾರು ಹೆದರ್ತಾರೆ ಅತ್ತಮ್ಮ?" ಎಂದು ಅವಳು ಕಣ್ಣೀರು ಒರೆಸಿಕೊಳ್ಳುತ್ತಾ ಪ್ರೀತಿಯಿಂದಲೇ ಹೇಳಿದಳು.

ಮರುದಿನ ಸ್ಟಾಫ್ ರೂಮಿನಲ್ಲಿ ನಸೀಮ್ ಟೀಚರ್, "ಮತ್ತೆ ಒತ್ತಿ ನೋಡಿದ್ರಾ? ಈ ಸಲ ಯಾರು ಬಂದ್ರು?" ಎಂದರು. ನಾನು ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಪಕ್ಕದ ತರಗತಿಗೂ ಕೇಳುವ ಹಾಗೆ, "ಇನ್ಯಾರು ಬರ್ತಾರೆ? ಅದೇ ಕನಕಾಂಬಿಕೆ" ಎಂದೆ. ಹೇಳಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದೆ. ಯಾರೂ ಹೆದರಿದ ಹಾಗೆ ಕಾಣಲಿಲ್ಲ.