ಪೀಣ್ಯದಲ್ಲಿ ಮಾಡಿದ ಸಿಂಹಾಸನ

ನಾಟಕ ಆಡುವವರ ಜೊತೆ ಸೇರಿದರೆ, ಪುಸ್ತಕದಲ್ಲಿರುವ ನಾಟಕಕ್ಕಿಂತ ಪುಸ್ತಕದಲ್ಲಿ ಇಲ್ಲದ ನಾಟಕವೇ ಹೆಚ್ಚು ನಡೆಯುತ್ತದೆ. ಅವನ್ನೆಲ್ಲ ಬರೆಯಿರಿ ಎಂದು ಸ್ನೇಹಿತರು ಹೇಳುತ್ತಲೇ ಇದ್ದರು. ನನಗೆ ಬರೆದು ಅಭ್ಯಾಸವಿಲ್ಲ. ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಭಯಕ್ಕೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಮೊದಲೇ ತಿಳಿದವರು ಸಹಿಸಿಕೊಳ್ಳಬೇಕು.

ತೊಂಬತ್ತರ ದಶಕದಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದೆ. ನೀರೆತ್ತುವ ಪಂಪು ಮಾಡುತ್ತಿದ್ದೆವು. ಅಲ್ಲಿ ನಮ್ಮದೊಂದು ನಾಟಕ ಸಂಘ. ಸಂಘ ಎಂದರೆ ದೊಡ್ಡದೇನಲ್ಲ. ಪ್ರೆಸ್ ಷಾಪಿನ ಪಕ್ಕದ ಒಂದು ತಗಡಿನ ಷೆಡ್ಡು, ಕೆಲಸ ಮುಗಿದ ಮೇಲೆ ಅಲ್ಲಿ ಸೇರುವ ನಾವು. ನಿರ್ದೇಶಕರು ನಮ್ಮ ಫೋರ್‌ಮನ್. ರಾಜ, ಚಿಕ್ಕಬಾಣಾವರದಿಂದ ಬರುತ್ತಿದ್ದ ವೆಲ್ಡರ್. ಮಂತ್ರಿ ನಾನು. ಮಂತ್ರಿಗೆ ಮಾತು ಕಡಿಮೆ, ಅದಕ್ಕೇ ಒಪ್ಪಿಕೊಂಡಿದ್ದೆ.

ಆ ವರ್ಷ ಕಾರ್ಖಾನೆಗಳ ನಾಟಕೋತ್ಸವ ನಗರದ ಹಳೆಯ ವಿಶ್ವವಿದ್ಯಾಲಯದ ಆವರಣದಲ್ಲಿ ಎಂದಾಯಿತು. ಕಲ್ಲಿನ ಕಟ್ಟಡಗಳು, ನೆರಳು ಕವಿದ ಮರಗಳು, ಒಂದು ಬಯಲು ರಂಗಮಂದಿರ, ಒಂದು ಹಳೆಯ ಸಭಾಂಗಣ ಇದ್ದ ಜಾಗ. ನಮ್ಮ ಪರ್ಸನಲ್ ಆಫೀಸರ್, ಅಂದರೆ ಸಿಬ್ಬಂದಿಯ ವಿಚಾರ ನೋಡಿಕೊಳ್ಳುವವರು, ಧಾರವಾಡದ ಕಡೆಯವರು. ಹಣೆಗೆ ವಿಭೂತಿ, ಮುಖದಲ್ಲಿ ನಗು ಇಲ್ಲ. ಅವರು ನಮ್ಮನ್ನು ಕರೆಸಿ ಹೇಳಿದರು: "ನಾನೂ ಬಂದು ನೋಡ್ತೀನಿ. ಕಂಪನಿ ಮಾನ ಹೋತು ಅಂದ್ರ ಸಂಘ ಬಂದ್. ಆ ಷೆಡ್ಡು ಸ್ಕ್ರ್ಯಾಪ್ ಇಡಾಕ ಬೇಕಾಗೇತಿ."

ಹೀಗಾಗಿ ನಮ್ಮ ಷೆಡ್ಡು ಉಳಿಯುವುದೋ ಹೋಗುವುದೋ ಎಂಬುದು ಆ ಒಂದು ಆಟದ ಮೇಲೆ ನಿಂತಿತು.

ರಾಣಿಗೆ ತಿಳಿಯಬಾರದ ವಿಷಯ

ಒಂದು ಮಾತು ವಿವರಿಸಬೇಕು. ಪ್ರೆಸ್ ಷಾಪಿನ ಪಕ್ಕದಲ್ಲಿ ಅಭ್ಯಾಸ ಎಂದರೆ, ಪ್ರತಿ ಮಾತಿಗೂ ಪಕ್ಕದಲ್ಲಿ ಧಡ್ ಧಡ್ ಎಂದು ತಗಡು ಒತ್ತುವ ಯಂತ್ರ ಬೀಳುತ್ತಿರುತ್ತದೆ. ಕೂಗದೆ ಕೇಳಿಸುವುದಿಲ್ಲ. ಪ್ರೇಮ, ದುಃಖ, ಪಿಸುಮಾತು, ಎಲ್ಲವನ್ನೂ ನಾವು ಕೂಗಿಯೇ ಕಲಿತಿದ್ದೆವು.

ಮೊದಲ ತಾಲೀಮಿಗೆ ನಮಗೆ ಬಯಲು ರಂಗಮಂದಿರ ಕೊಟ್ಟರು. ನಾನು ರಾಜನ ಕಿವಿಯ ಹತ್ತಿರ ಬಾಗಿ ಗುಟ್ಟು ಹೇಳಿದೆ: "ಮಹಾಪ್ರಭು, ಈ ವಿಷಯ ರಾಣಿಯವರಿಗೆ ತಿಳಿಯಬಾರದು!"

ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ರಂಗಮಂದಿರ ನೋಡಿಕೊಳ್ಳುವ ಹಿರಿಯರು ದೂರದಿಂದ ಓಡಿ ಬಂದರು.

"ಸಾರ್, ರಾಣಿ ಕಥೆ ಬಿಡಿ. ಲೈಬ್ರರೀಲಿ ಓದ್ತಾ ಇರೋ ಅಷ್ಟೂ ಜನಕ್ಕೆ ತಿಳಿದೋಯ್ತು. ಮುಂದೇನಾಯ್ತು ಅಂತ ಅವ್ರು ಕೇಳಿ ಕಳ್ಸವ್ರೆ."

ಮೂರನೇ ಬೆಲ್

ಅವರೇ ನಮ್ಮನ್ನು ಸಭಾಂಗಣಕ್ಕೆ ಸಾಗಿಸಿದರು. "ಇಲ್ಲಿ ಗೋಡೆ ದಪ್ಪ ಇದೆ. ಎಷ್ಟು ಬೇಕೋ ಕೂಗ್ಕಳಿ" ಎಂದರು.

ಸಭಾಂಗಣದಲ್ಲಿ ಮೂರನೇ ಬೆಲ್ ಆದರೆ ಪರದೆ ಏಳುತ್ತದೆ. ನಾಟಕ ನೋಡುವವರಿಗೆಲ್ಲ ಇದು ಗೊತ್ತು. ಆದರೆ ನಮಗೆ ಹತ್ತಾರು ವರ್ಷದಿಂದ ಬೆಲ್ ಎಂದರೆ ಒಂದೇ ಅರ್ಥ, ಟೀ. ಕೈಯಲ್ಲಿದ್ದದ್ದು ಇದ್ದಲ್ಲೇ ಇಟ್ಟು ಹೊರಡಬೇಕು.

ಹಿರಿಯರು ಮೂರನೇ ಬೆಲ್ ಒತ್ತಿ ಪರದೆ ಎಳೆದರು. ರಂಗದ ಮೇಲೆ ಕತ್ತಿ, ಕಿರೀಟ, ಒಂದು ಬೀಸಣಿಗೆ ಮಾತ್ರ ಇದ್ದವು. ಫೋರ್‌ಮನ್ ಗಾಬರಿಯಿಂದ ಹೊರಗೆ ಬಂದು ನೋಡಿದರೆ, ಇಡೀ ಆಸ್ಥಾನ ಗೇಟಿನ ಹತ್ತಿರದ ಟೀ ಅಂಗಡಿಯಲ್ಲಿ ಸಾಲಾಗಿ ನಿಂತಿತ್ತು.

"ಏನ್ರಯ್ಯಾ ಇದು?" ಎಂದು ಕೂಗಿದರು.

ರಾಜ ಲೋಟ ಚಾಚಿದ. "ನಿಮ್ದೂ ಹೇಳಿದೀನಿ ಕಣಣ್ಣ."

ಅವತ್ತೇ ತೀರ್ಮಾನವಾಯಿತು: ನಮ್ಮ ನಾಟಕಕ್ಕೆ ಬೆಲ್ ಇಲ್ಲ. ಹಿರಿಯರು ಒಂದು ಹಸಿರು ಬಟ್ಟೆ ಬೀಸಿ ಪರದೆ ಎಳೆಯಬೇಕು.

ಆನೆ ಕೂರುವ ಕುರ್ಚಿ

ಸಿಂಹಾಸನವನ್ನು ಪ್ಲೈವುಡ್ಡಿನಲ್ಲಿ ಮಾಡಿಸೋಣ ಎಂದರು ಫೋರ್‌ಮನ್. ರಾಜನಿಗೆ ಅವಮಾನವಾಯಿತು. ಅವನು ವೆಲ್ಡರ್ ಎಂದು ಆಗಲೇ ಹೇಳಿದ್ದೇನೆ.

"ಪ್ಲೈವುಡ್ಡಾ? ರಾಜ ಕುಂತ್ರೆ ಅಲ್ಲಾಡ್ಬಾರ್ದು ಕಣಣ್ಣ. ನಾನೇ ಮಾಡ್ತೀನಿ ಬುಡು."

ಕಬ್ಬಿಣದ ಆಂಗಲ್, ಅದರ ಮೇಲೆ ದಪ್ಪ ಪ್ಲೇಟು, ಎರಡೂ ಕೈಗೆ ಸಿಂಹದ ತಲೆ, ಮೇಲೆ ಚಿನ್ನದ ಬಣ್ಣ. ನೋಡಲು ನಿಜಕ್ಕೂ ಚೆನ್ನಾಗಿತ್ತು.

"ಆನೆ ಕುಂತ್ರೂ ಏನೂ ಆಗಾಕಿಲ್ಲ" ಎಂದ.

ಫೋರ್‌ಮನ್ ಒಂದು ಕಾಲು ಹಿಡಿದು ಎತ್ತಲು ನೋಡಿದರು. ಅದು ಕದಲಲಿಲ್ಲ. "ಆನೆ ಕೂರೋದು ಆಮೇಲೆ ಇರ್ಲಿ ಕಣೋ, ಮೊದಲು ಇದನ್ನ ಎತ್ತೋಕೆ ಒಂದು ಆನೆ ತಗೊಂಬಾ!"

ಕಾಡಿನಲ್ಲಿ

ಆನೆ ಸಿಗಲಿಲ್ಲ. ಲೋಡಿಂಗ್ ವಿಭಾಗದ ಆರು ಜನ ಸಿಕ್ಕರು. ಸಭಾಂಗಣದ ನೆಲ ಹಳೆಯ ತೇಗದ್ದು, ಎಳೆಯುವಂತಿಲ್ಲ, ಎತ್ತಿಯೇ ಇಡಬೇಕು ಎಂಬುದು ಹಿರಿಯರ ಕಟ್ಟಪ್ಪಣೆ. ಮೊದಲ ದೃಶ್ಯ ಅರಮನೆ. ಅದು ಮುಗಿದ ಕೂಡಲೇ ಆರು ಜನ ಸಿಂಹಾಸನ ಎತ್ತಿ ಒಳಗಿಡಬೇಕು. ಎರಡನೇ ದೃಶ್ಯದಲ್ಲಿ ಶತ್ರುಗಳಿಗೆ ಎಲ್ಲ ಕಳೆದುಕೊಂಡ ರಾಜ ಕಾಡಿನಲ್ಲಿ ಅಳುತ್ತಾನೆ.

ಆ ಆರು ಜನರದು ಸೆಕೆಂಡ್ ಷಿಫ್ಟ್. ತಡವಾಗಿ ಬರಲು ಒಪ್ಪಿಗೆಯೂ ಇತ್ತು. ಆದರೆ ಆಟದ ದಿನ ಮೊದಲ ದೃಶ್ಯ ಮುಗಿಯುವ ಹೊತ್ತಿಗೆ, ನಮ್ಮನ್ನು ಕರೆತಂದಿದ್ದ ಕಂಪನಿ ಬಸ್ಸು ಷಿಫ್ಟಿಗೆ ಹೊರಡಲು ಹೊರಗೆ ಹಾರ್ನ್ ಹೊಡೆಯಿತು. ಬೆಲ್ಲಿಗೆ ನಾವು ಉಪಾಯ ಮಾಡಿದ್ದೆವು, ಹಾರ್ನಿಗೆ ಮಾಡಿರಲಿಲ್ಲ. ಕೇಳಿದ ತಕ್ಷಣ ಆರೂ ಜನ ಹೋಗಿ ಬಸ್ಸಿನಲ್ಲಿ ಕೂತರು. ಫೋರ್‌ಮನ್ ಓಡಿದಾಗ ಬಸ್ಸು ಗೇಟು ದಾಟಿತ್ತು. ಇತ್ತ ಇದೇನೂ ತಿಳಿಯದ ಹಿರಿಯರು ಹಸಿರು ಬಟ್ಟೆ ಬೀಸಿ ಪರದೆ ಎಳೆದೇಬಿಟ್ಟರು.

ಮುಂದಿನ ಸಾಲಿನಲ್ಲಿ ಆಫೀಸರ್ ಕೂತಿದ್ದರು. ರಾಜ ತಲೆ ಬಗ್ಗಿಸಿಕೊಂಡೇ ಬಂದವನು, ಹಿಂದೆ ನೋಡದೆ ಕೈ ಮೇಲೆತ್ತಿ ಅತ್ತ: "ಮಂತ್ರೀ! ನನ್ನ ಸಿಂಹಾಸನವೆಲ್ಲಿ? ಈ ಜನ್ಮದಲ್ಲಿ ಇನ್ನು ಅದನ್ನು ಕಾಣುವೆನೇ?"

ಗ್ಯಾಲರಿಯಿಂದ ಒಂದು ದನಿ: "ಗುರೂ, ಹಿಂದೆ ನೋಡು, ಅಲ್ಲೇ ಐತೆ!"

ಸಭಾಂಗಣ ನಗೆಯಿಂದ ತುಂಬಿತು. ನಾನು ಏನೂ ತೋಚದೆ, ಕಲಿತ ಮಾತನ್ನೇ ಕೂಗಿಬಿಟ್ಟೆ: "ಪ್ರಭು, ಅದನ್ನು ಶತ್ರುಗಳು ಹೊತ್ತೊಯ್ದರು!"

ನಗು ಇನ್ನೂ ಜೋರಾಯಿತು. ರಾಜ ನಿಧಾನವಾಗಿ ತಿರುಗಿ ನೋಡಿದ. ತಾನೇ ವೆಲ್ಡ್ ಮಾಡಿದ ಸಿಂಹದ ತಲೆಯನ್ನು ಒಮ್ಮೆ ಸವರಿದ.

"ಒತ್ಕೊಂಡೇನೋ ಒಂಟಿದ್ರು ಮಂತ್ರಿ. ಬಾರ ತಡೀಲಾರ್ದೆ ಕಾಡ್ನಾಗೆ ಬುಟ್ಟೋಗವ್ರೆ."

ರಾಜ ಎಲ್ಲಿಗೂ ಹೋಗಕೂಡದು

ಅದು ದುಃಖದ ನಾಟಕ. ಜನ ಕೊನೆಯವರೆಗೂ ನಕ್ಕರು. ಆಫೀಸರ್ ಒಬ್ಬರೇ ನಗಲಿಲ್ಲ. ನಾಟಕ ಮುಗಿದ ಮೇಲೆ ಅವರು ರಂಗದ ಮೇಲೆ ಬಂದಾಗ ಷೆಡ್ಡು ಹೋಯಿತು ಎಂದೇ ನಾವು ತಿಳಿದೆವು.

ಅವರು ಬಾಯಿ ತೆರೆಯುವ ಮೊದಲೇ ಹಿರಿಯರು ಅಡ್ಡ ಬಂದರು. "ಸಾರ್, ಮುಂದಿನ ತಂಡ ಕಾಯ್ತಾ ಇದೆ. ಮೊದಲು ಇದನ್ನ ಎತ್ತಿ. ಎಳೀಬೇಡಿ!"

ಆರು ಜನ ಪೀಣ್ಯ ಸೇರಿದ್ದರು. ಉಳಿದವರಲ್ಲಿ ಅರ್ಧ ಜನ ಬಣ್ಣ ತೊಳೆಯಲು ಹೋಗಿದ್ದರು. ಆಫೀಸರ್ ಸುತ್ತ ನೋಡಿದರು, ತೋಳು ಮಡಚಿದರು, ಒಂದು ಮೂಲೆಗೆ ಕೈ ಹಾಕಿದರು. ಲಾರಿಗೆ ಹತ್ತಿಸುವಾಗ ಒಮ್ಮೆ ಶಿವನನ್ನು ಕರೆದರು. ಆ ಆರು ಜನ ಷಿಫ್ಟಿನ ಕೆಲಸದಲ್ಲಿರುತ್ತಾರೆ, ಇಳಿಸಲು ಕೈ ಸಾಲದೆಂದು ಲಾರಿಯಲ್ಲೇ ಪೀಣ್ಯಕ್ಕೂ ಬಂದರು. ಷೆಡ್ಡಿನ ನಡುವೆ ಅದನ್ನು ಇಳಿಸುತ್ತಿದ್ದಂತೆ ಉಸ್ಸೆಂದು ಅದರ ಮೇಲೇ ಕೂತರು. ನಾವು ಕೈ ಕಟ್ಟಿ ಸುತ್ತ ನಿಂತೆವು. ನಿಜವಾದ ಆಸ್ಥಾನ ಹಾಗೇ ಇರುತ್ತದೇನೋ.

"ಸರ್, ಸಂಘ..." ಎಂದು ಫೋರ್‌ಮನ್ ಮೆಲ್ಲಗೆ ಶುರು ಮಾಡಿದರು.

"ಸಂಘ ಬಂದ್ ಮಾಡಿದ್ರ ಈ ಷೆಡ್ಡು ಖಾಲಿ ಮಾಡಿಸಬೇಕಲ್ರಿ?"

"ಹೌದು ಸರ್."

"ಅಂದ್ರ ಇದನ್ನ ಮತ್ತ ಎತ್ತಬೇಕು."

"ಹೌದು ಸರ್."

ಆಫೀಸರ್ ಸೊಂಟ ಒತ್ತಿಕೊಂಡರು.

"ಬ್ಯಾಡ. ಸಂಘಾನೂ ಇರ್ಲಿ, ಷೆಡ್ಡೂ ಇರ್ಲಿ. ವರ್ಷಾ ವರ್ಷಾ ನಾಟಕ ಮಾಡ್ರಿ. ಆದ್ರ ಒಂದ ಮಾತು. ರಾಜಾ ಈ ಕುರ್ಚಿ ಬಿಟ್ಟು ಎಲ್ಲಿಗೂ ಹೋಗಬಾರದು. ಅಂಥಾ ನಾಟಕ ಹುಡುಕ್ರಿ. ಅದನ್ನ ಇಲ್ಲೇ, ಈ ಷೆಡ್ಡಿನಾಗ ಮಾಡ್ರಿ. ನೋಡಾಕ ನಾವ ಬರ್ತೀವಿ!"