ನಗಲು ಅರ್ಜಿ ಹಾಕುವ ಊರು ಮತ್ತು ನಮ್ಮತ್ತೆ

ಇನ್ನು ಮುನ್ನೂರು ವರ್ಷಕ್ಕೆ ಈ ಲೋಕದ ಗತಿ ಏನಾಗುತ್ತದೆ ಎಂಬುದು ನಮ್ಮತ್ತೆಗೆ ಪುಟಸಮೇತ ಗೊತ್ತು. ಒಲೆಯ ಮೇಲಿಟ್ಟ ಕುಕ್ಕರು ಎಷ್ಟು ಸಲ ಕೂಗಿತು ಎಂಬುದು ಮಾತ್ರ ಗೊತ್ತಿಲ್ಲ! ಹೀಗಾಗಿ ನಮ್ಮ ಮನೆಯಲ್ಲಿ ಭವಿಷ್ಯ ಯಾವಾಗಲೂ ಸ್ಪಷ್ಟ, ಬೇಳೆ ಯಾವಾಗಲೂ ಸೀದದ್ದು.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಮಾಲೂರು ಕಡೆಯಿಂದ ಗಡಿಯಾಚೆಯ ಹೊಸೂರಿಗೆ ಬಂದು, ಫ್ಯಾಕ್ಟರಿಯೊಂದರಲ್ಲಿ ಬಿಡಿಭಾಗಗಳ ತಪ್ಪು ಹುಡುಕುವ ಕೆಲಸ ಮಾಡಿ, ಈಗ ನಿವೃತ್ತರಾಗಿ ಅಲ್ಲಿಯ ಆಲಸನತ್ತಂ ಬಡಾವಣೆಯಲ್ಲಿ ನಮ್ಮ ಜೊತೆಗಿದ್ದಾರೆ. ಈ ವಯಸ್ಸಿನಲ್ಲಿ ಬೇರೆಯವರ ಅತ್ತೆಯರು ಧಾರಾವಾಹಿ ನೋಡುತ್ತಾರೆ, ಭಜನೆಗೆ ಹೋಗುತ್ತಾರೆ. ನಮ್ಮತ್ತೆ ತಮಿಳು ಕಾಮಿಕ್ಸ್ ಓದುತ್ತಾರೆ. ಅದೂ ಎಂಥದ್ದು? ಊರಿಗೆ ಊರೇ ಕಬ್ಬಿಣದ ಸೂರಿನ ಕೆಳಗೆ ಮುಚ್ಚಿಹೋಗಿದೆಯಂತೆ. ಆಕಾಶ ಕಂಡವರು ಒಬ್ಬರೂ ಬದುಕಿಲ್ಲವಂತೆ. ಜನರಿಗೆ ಹೆಸರಿಲ್ಲ, ನಂಬರು. ನಗಬೇಕಾದರೆ ಮೊದಲೇ ಕಚೇರಿಗೆ ಅರ್ಜಿ ಹಾಕಬೇಕು! ಆ ಊರಿನ ಚರಂಡಿ ತೊಳೆಯುವ ಹೆಂಗಸೊಬ್ಬಳಿಗೆ ಸೂರಿನಲ್ಲೊಂದು ತೂತು ಕಾಣುತ್ತದೆ. ಅಲ್ಲಿಂದ ಮೂವತ್ತು ಭಾಗ.

ಅತ್ತೆ ತಮಿಳು ಓದಲು ಕಲಿತದ್ದೇ ಈ ಪುಸ್ತಕಗಳಿಂದ. ಚಿತ್ರ ನೋಡಿ ಮಾತು ಊಹಿಸಿ, ಮಾತಿನಿಂದ ಅಕ್ಷರ ಹಿಡಿದರು. ಫ್ಯಾಕ್ಟರಿಯಿಂದ ಬಂದು, ಪಾತ್ರೆ ತೊಳೆದು, ಆಮೇಲೆ! ಯಾವ ಮೇಷ್ಟರ ಸಹಾಯವೂ ಇಲ್ಲದೆ ಹೀಗೆ ಒಂದು ಭಾಷೆಯನ್ನೇ ಗೆದ್ದವರು ನಿಮಗೆ ಎಷ್ಟು ಜನ ಗೊತ್ತು? ಆದರೆ ಕಲಿತ ತಮಿಳೆಲ್ಲ ಪೊಲೀಸು ಪಾತ್ರಗಳದ್ದು. ಒಮ್ಮೆ ರೇಷನ್ ಅಂಗಡಿಯವನು ಅಕ್ಕಿ ಮುಗಿಯಿತೆಂದು ಬಾಗಿಲು ಎಳೆಯಲು ಹೋದ. ಅತ್ತೆ ಕೈಚೀಲ ಮೇಲೆತ್ತಿ, "ತಪ್ಪಿಕ್ಕ ಮುಡಿಯಾದು!" ಎಂದು ಗುಡುಗಿದರು. ಅಂದರೆ, ನೀನು ತಪ್ಪಿಸಿಕೊಳ್ಳಲಾರೆ! ಎಲ್ಲಿತ್ತೋ, ಐದು ಕೇಜಿ ಅಕ್ಕಿ ಹೊರಗೆ ಬಂತು.

ಭಾನುವಾರ ಬೆಳಿಗ್ಗೆ ನಮ್ಮ ತಾರಸಿಯ ಮೇಲೆ ಅಭಿಮಾನಿಗಳ ಸಭೆ. ಬರುವವರು ಮೂವರು: ಒಬ್ಬ ಆಟೋ ಡ್ರೈವರ್, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಮತ್ತೆ ಕೃಷ್ಣಗಿರಿಯಿಂದ ಬಸ್ಸು ಹಿಡಿದು ಬರುವ ನಿವೃತ್ತ ಮೇಷ್ಟರು. ಅತ್ತೆ ಅವರನ್ನು ಕರೆಯುವುದು ತಮಿಳರಂತೆ ವಾದ್ಯಾರ್ ಎಂದು. ವಾದ್ಯಾರ ಮನೆಮಾತು ತೆಲುಗು, ಪಾಠ ಹೇಳಿದ್ದು ತಮಿಳು, ನಮ್ಮತ್ತೆಯ ಜೊತೆ ಜಗಳವಾಡುವುದು ಕನ್ನಡದಲ್ಲಿ. ಯಾವ ಭಾಗದ ಯಾವ ಪುಟದಲ್ಲಿ ಯಾರು ಯಾವ ಕೈಯಲ್ಲಿ ಬಾಗಿಲು ತೆಗೆದರು ಎಂಬುದು ಅವರಿಗೆ ಬಾಯಿಪಾಠ.

ಒಂದು ಭಾನುವಾರ ಅತ್ತೆ ತಾರಸಿಯಿಂದ, "ನಾಳೆಯಿಂದ ಊರಿಗೆಲ್ಲ ನೀರು ನಿಲ್ಲಿಸಿಬುಡ್ತಾರೆ! ಮೇಲಿಂದ ಆರ್ಡರ್ ಬಂದದೆ!" ಎಂದು ಕೂಗಿದ್ದು ಪಕ್ಕದ ಮನೆಯಾಕೆಗೆ ಕೇಳಿಸಿತು. ಅವರು ಇನ್ನೊಬ್ಬರಿಗೆ ಹೇಳಿದರು. ಮಧ್ಯಾಹ್ನದೊಳಗೆ ಬೀದಿಯ ಡ್ರಮ್ಮು, ಬಿಂದಿಗೆ, ಕಡೆಗೆ ಇಡ್ಲಿ ಪಾತ್ರೆಯೂ ತುಂಬಿ ಕೂತವು. ಅದು ಹದಿನಾಲ್ಕನೇ ಭಾಗದ ವಿಷಯವೆಂದು ನಾನು ಮನೆಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಮಾರನೆಯ ದಿನ ಏನಾಗಬೇಕು? ಎಲ್ಲಿಯೋ ಪೈಪು ಒಡೆದು ನಿಜಕ್ಕೂ ನೀರು ಬರಲಿಲ್ಲ! ಪಕ್ಕದ ಮನೆಯಾಕೆ ಬಂದು ಅತ್ತೆಯನ್ನು ಗುಟ್ಟಾಗಿ ಕೇಳಿದರು: "ಅಕ್ಕಾ, ಹದಿನೈದ್ರಾಗೆ ಏನ್ ನಿಲ್ಲಿಸ್ತಾರೆ?"

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಸಭೆ ಇಪ್ಪತ್ತೊಂಬತ್ತನೇ ಭಾಗಕ್ಕೆ ಮುರಿದುಬಿತ್ತು. ಅದರಲ್ಲಿ ಆ ಹೆಂಗಸು ತೂತಿನಿಂದ ಹೊರಗೆ ಹೋಗಿ, ಆಕಾಶ ನೋಡಿ, ಮತ್ತೆ ಒಳಗೆ ಬಂದುಬಿಡುತ್ತಾಳೆ.

"ದಡ್ಡಿ!" ಎಂದರು ವಾದ್ಯಾರ್. "ಬಿಡುಗಡೆ ಆದವಳು ಜೈಲಿಗೆ ವಾಪಸ್ ಬತ್ತಾಳಾ?"

"ನೆಂಟ್ರು ಇಷ್ಟ್ರು ಒಳಗವ್ರಲ್ಲ ವಾದ್ಯಾರೇ! ಒಬ್ಬಳೇ ಆಕಾಶ ನೋಡ್ಕೊಂಡು ಏನ್ ಮಾಡ್ತಾಳೆ?"

"ನಿಮಗೆ ಕತೆ ಅರ್ಥ ಆಗಿಲ್ಲಮ್ಮ."

ಈ ಮಾತನ್ನು ಅವರು ಆಡಬಾರದಿತ್ತು. ಅತ್ತೆ ಅವರ ಮುಂದಿನ ಚಿತ್ರಾನ್ನದ ತಟ್ಟೆಯನ್ನು ಎತ್ತಿಕೊಂಡು ಕೆಳಗೆ ಹೋಗಿಬಿಟ್ಟರು. ಮುಂದಿನ ಭಾನುವಾರ ವಾದ್ಯಾರ್ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. "ಹೋದ್ರೆ ಹೋಗ್ಲಿ ಬುಡ್ಲಾ" ಎನ್ನುತ್ತಲೇ ಅತ್ತೆ ಪ್ರತಿ ವಾರ ಮೊದಲಿನಂತೆ ನಾಲ್ಕು ಕುರ್ಚಿಯನ್ನೇ ಹಾಕುತ್ತಿದ್ದರು.

ಕೆಲವು ತಿಂಗಳು ಕಳೆದು ಕೊನೆಯ ಭಾಗ ಬಂತು. ಅದನ್ನು ತಂದ ಬ್ಯಾಂಕಿನ ಹುಡುಗಿಯೇ ಸುದ್ದಿಯನ್ನೂ ತಂದಳು. ವಾದ್ಯಾರಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿವೆ. ಯಾರ ಜೊತೆಗೂ ಮಾತಿಲ್ಲ, ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾರಂತೆ.

ಅತ್ತೆ ಪುಸ್ತಕವನ್ನು ತೆರೆಯಲಿಲ್ಲ. ಸೀರೆ ಬದಲಾಯಿಸಿ ಬಂದು, "ಗಾಡಿ ತೆಗೀಲಾ" ಎಂದರು.

ಕೃಷ್ಣಗಿರಿಯ ಆ ಮನೆಯ ಜಗಲಿಯಲ್ಲಿ ವಾದ್ಯಾರ್ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಅತ್ತೆ ಕುಶಲ ಕೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಪಕ್ಕದಲ್ಲಿ ಕೂತು, ಅವರ ತೋರುಬೆರಳು ಹಿಡಿದು ಪುಟದ ಮೇಲಿಟ್ಟರು.

"ಇದು ಸೂರು ವಾದ್ಯಾರೇ. ಇಗಾ, ಇಲ್ಲಿಂದ ಇಲ್ಲೀಗಂಟ ಕಪ್ಪು. ಇದು ಏಣಿ. ಕೆಳಗೆ ಅವಳು, ಕಡ್ಲೆಕಾಳಷ್ಟು ಅವಳೆ."

ಬೆರಳು ಮೆಲ್ಲಗೆ ಏಣಿ ಹತ್ತಿತು. ಹೀಗೆ ಒಂದೊಂದೇ ಚಿತ್ರ, ಒಂದೊಂದೇ ಮಾತು. ಹತ್ತನೇ ಪುಟ ಬಂತು.

"ಎಡಗೈನಾಗೆ ಲಾಟೀನು ಹಿಡ್ಕೊಂಡವಳೆ..."

"ಬಲಗೈ!" ವಾದ್ಯಾರ್ ನೆಟ್ಟಗೆ ಕೂತರು. "ಎಡಗೈ ಸುಟ್ಟೋಗಿಲ್ವಾ, ಹನ್ನೆರಡನೇ ಭಾಗದಲ್ಲಿ? ನಲವತ್ತೊಂದನೇ ಪುಟ! ಸರಿಯಾಗಿ ನೋಡಿ ಹೇಳಮ್ಮ!"

"ನೋಡೇ ಹೇಳ್ತಾ ಇವ್ನಿ! ಬರೆದವನು ಎಡಗೈ ಬರೆದವ್ನೆ!"

"ಹಾಗಿದ್ರೆ ಬರೆದವನು ತಪ್ಪು!"

ಆ ಗದ್ದಲಕ್ಕೆ ಒಳಗಿನಿಂದ ಅವರ ಹೆಂಡತಿ ಓಡಿಬಂದರು. ಜಗಳ ಬಿಡಿಸಲು ಬಂದರೆಂದುಕೊಂಡೆ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತು, ಗಂಡ ಕೂಗಾಡುವುದನ್ನೇ ನೋಡುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಂಜೆಗೆ ಕೊನೆಯ ಪುಟ ಮುಗಿಯಿತು. ಅತ್ತೆ ಪುಸ್ತಕ ಮುಚ್ಚಿದರು. ವಾದ್ಯಾರ ಬೆರಳು ಮಾತ್ರ ರಟ್ಟಿನ ಮೇಲೆಯೇ ಇತ್ತು.

"ಅಮ್ಮಾ, ಒಂದನೇ ಭಾಗದಿಂದ ಇನ್ನೊಂದು ಸಲ ಓದ್ಬೇಕಾಗ್ತದೆ" ಎಂದರು. "ನಂಗೆ ಕತೆ ಎಲ್ಲ ಮರ್ತೋಗ್ಬಿಟ್ಟದೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕಾಲು ತುಳಿದರು.

"ಊಂ ವಾದ್ಯಾರೇ," ಎಂದರು, "ನಂಗೂ ಒಂದೂ ನೆಪ್ಪಿಲ್ಲ."