ಭರಣಿಯೊಳಗಿನ ಸೆಂಚೂರಿಯನ್

ಈ ಸಲ ಉಮಾನಾಥನ ಸೊಕ್ಕು ಮುರಿಯದಿದ್ದರೆ ನನ್ನ ಮೀಸೆ ಬೋಳಿಸುತ್ತೇನೆ! ಬೀಜಾಡಿಯ ನಮ್ಮ ಮನೆ ಜಗಲಿಯಲ್ಲಿ ನಿಂತು ಹೀಗೆಂದು ಘೋಷಿಸಿದವನು ನಾನೇ. ಕುಂದಾಪುರದ ಸಂಗ್ರಾಹಕರ ಪ್ರದರ್ಶನದಲ್ಲಿ ಮೂರು ವರ್ಷದಿಂದ ಮೊದಲ ಬಹುಮಾನ ಅವನ ಬೆಂಕಿಪೊಟ್ಟಣಗಳಿಗೆ. ಈ ಸಲ ನನ್ನ ಬಳಿ ಬ್ರಿಟಿಷರ ಸೆಂಚೂರಿಯನ್ ಟ್ಯಾಂಕ್ ಇತ್ತು! ಮುಂಬೈಯಿಂದ ತರಿಸಿದ ಎರಕದ ಮಾದರಿ, ಗೇಣುದ್ದ, ಒಂದೂವರೆ ಕಿಲೋ. ಫಿರಂಗಿ ಸಹಿತ ತಿರುಗುತ್ತಿತ್ತು.

ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಹೆಂಡತಿಗೆ ರಾಜಾಜ್ಞೆ ಹೊರಡಿಸಿದೆ. "ವನಜಾ, ಪ್ರದರ್ಶನದ ದಿನದ ತನ್ಕ ಇದನ್ ನಾನೂ ಮುಟ್ಟುದಿಲ್ಲೆ, ನೀನೂ ಮುಟ್ಟುಕಾಗ!"

"ನಂಗೆ ಹಲ್ಸಿನ ಸೊಳಿ ಉಪ್ಪಿಗ್ ಹಾಕುಕಿತ್. ನಿಮ್ ಟ್ಯಾಂಕ್ ಯಾರಿಗ್ ಬೇಕ್?" ಎಂದಳು.

ಟ್ಯಾಂಕಿಗೊಂದು ರಣರಂಗ ಬೇಡವೇ? ಅಡುಗೆಮನೆ ಮೂಲೆಯಲ್ಲಿ ಚಪ್ಪಟೆ ಕಲ್ಲೊಂದು ಕಂಡಿತು. ಸದ್ದಿಲ್ಲದೆ ಎತ್ತಿಕೊಂಡು ಹೋದೆ. ಸಿಮೆಂಟು ಮೆತ್ತಿ, ಮರಳು ಉದುರಿಸಿ, ಬಣ್ಣ ಬಳಿದು ಒಂದು ತಿಂಗಳು ತಪಸ್ಸು ಮಾಡಿದೆ. ಎಂಥ ರಣರಂಗ ಅಂತೀರಿ! ನನಗೇ ಯುದ್ಧಕ್ಕೆ ಹೋಗುವ ಆಸೆಯಾಯಿತು.

ಪ್ರದರ್ಶನದ ಬೆಳಿಗ್ಗೆ ಕಪಾಟು ತೆರೆದರೆ ಖಾಲಿ!

"ವನಜಾ! ನನ್ ಟ್ಯಾಂಕ್ ಎಲ್ಲಿತ್?"

"ಸೊಳಿ ಭರಣಿಯಗೆ."

"ಭರಣಿಯಗಾ!"

"ಸೊಳಿ ಮೇಲ್ ಭಾರ ಇಡುಕ್ ನಂಗೊಂದ್ ಕಲ್ಲಿತ್ತ್. ಅದನ್ ಕದ್ಕಂಡ್ ಹೋದ್ದ್ ಯಾರ್? ಭಾರ ಇಡ್ದಿರೆ ಸೊಳಿ ತೇಲಿ ಹಾಳಾತ್ತ್. ನನ್ ಕಲ್ಲ್ ನೀವ್ ತಕಂಡ್ರಿ, ನಿಮ್ ಕಲ್ಲ್ ನಾ ತಕಂಡೆ!"

"ಮುಟ್ಟುಕಾಗ ಅಂದಿದ್ನಲೇ!"

"ಮುಟ್ಲಿಲ್ಲ. ಬಟ್ಟಿ ಸಮೇತ ಇಟ್ಟದ್."

ಹೊರಗೆಳೆದೆ. ತಿಂಗಳಿಡೀ ಉಪ್ಪುನೀರು ಕುಡಿದ ನನ್ನ ಸೆಂಚೂರಿಯನ್! ಬಣ್ಣ ಹಪ್ಪಳದಂತೆ ಎದ್ದಿತ್ತು, ತಿರುಪುಗಳೆಲ್ಲ ತುಕ್ಕು, ಅಲ್ಲಲ್ಲಿ ಬಿಳಿ ಬೂದಿ. ಅಳು ಬಂತು. ಕನ್ನಡಿಯಲ್ಲಿ ಮೀಸೆಯನ್ನು ಕೊನೆಯ ಸಲ ನೋಡಿಕೊಂಡೆ. ಆದದ್ದಾಗಲಿ ಎಂದು ಟ್ಯಾಂಕನ್ನು ರಣರಂಗದ ಮೇಲಿಟ್ಟು ಹೊರಟೆ. ವನಜಳೂ ಬಂದಳು.

ತೀರ್ಪುಗಾರರು ಬಾರ್ಕೂರಿನ ನಿವೃತ್ತ ಸುಬೇದಾರ್ ಪ್ರೇಮಾನಂದ. ಬೆಂಕಿಪೊಟ್ಟಣಗಳನ್ನು ದಾಟಿ ಬಂದವರು ನನ್ನ ಮೇಜಿನೆದುರು ಗಕ್ಕನೆ ನಿಂತರು.

"ಹ್ವಾಯ್! ಅರವತ್ತೈದ್ರ ಯುದ್ಧದಗೆ ನಾ ಕಂಡ ಸೆಂಚೂರಿಯನ್ ಹೀಂಗೇ ಇತ್ತ್ ಮರ್ರೆ! ಮಿರಮಿರ ಮಿಂಚುದ್ ಮದಿ ದಿಬ್ಬಣದ್ ಕಾರ್, ಟ್ಯಾಂಕ್ ಅಲ್ಲ. ಈ ಕೆಲ್ಸ ಮಾಡ್ದವ್ರ್ ಯಾರ್?"

"ನಾನೇ! ಐದ್ ವರ್ಷದ್ ಸಾಧನೆ!"

ಮೊದಲ ಬಹುಮಾನ! ಕೊರಳಿಗೆ ಪದಕ! ಉಮಾನಾಥನ ಮುಖ ಸುಟ್ಟ ಬದನೆಕಾಯಿ! ನಾನು ಮೀಸೆ ತಿರುವುತ್ತಿದ್ದಂತೆ ಸುಬೇದಾರರು ಪ್ರೀತಿಯಿಂದ ಫಿರಂಗಿ ತಿರುಗಿಸಿದರು. ಬಟ್ಟೆಯನ್ನೂ ದಾಟಿ ಹೇಗೆ ನುಸುಳಿತ್ತೋ, ಒಳಗಿಂದ ಚೂರೊಂದು ಅವರ ಅಂಗೈಗೆ ಬಿತ್ತು. ಮೂಸಿ ನೋಡಿದರು.

"ಇದ್ ಉಪ್ಪಿನ್ ಸೊಳಿ ಅಲ್ದಾ?"

"ಹೌದ್. ನಾ ಹಾಕಿದ್ದ್," ಎಂದಳು ವನಜ, ಹಿಂದಿನ ಸಾಲಿನಿಂದ. ನಂತರ ಕಲ್ಲಿನ ಕಥೆಯನ್ನೆಲ್ಲ ಹೇಳಿದಳು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು, ಎಲ್ಲರಿಗಿಂತ ಜೋರಾಗಿ ಉಮಾನಾಥ. ಬಹುಮಾನ ಟ್ಯಾಂಕಿಗೇ ಉಳಿಯಿತು. ಪದಕ ಮಾತ್ರ ನನ್ನ ಕೊರಳಿಂದ ಅವಳ ಕೊರಳಿಗೆ ಹೋಯಿತು.

ಗೆದ್ದದ್ದಂತೂ ನಮ್ಮ ಮನೆಯೇ! ಮೀಸೆಯೂ ಉಳಿಯಿತು. ಆದರೆ ಬಣ್ಣ ಬಿದ್ದ ಸೊಳೆಯೆಲ್ಲ ಗೊಬ್ಬರದ ಗುಂಡಿಗೆ ಹೋಯಿತಲ್ಲ, ಹೊಸ ಭರಣಿ ತುಂಬಬೇಕು, ಅದಕ್ಕೆ ಕಲ್ಲು ಬೇಕು. ಹಾಗಾಗಿ ಮರುದಿನ ಬಾವಿಕಟ್ಟೆಯಲ್ಲಿ ಕೂತು ಸಿಮೆಂಟು ಕೆತ್ತಿ ತೆಗೆದ ಅದೇ ಕಲ್ಲನ್ನು ತೆಂಗಿನ ನಾರು ಹಿಡಿದು ತಿಕ್ಕುತ್ತಿದ್ದೆ. ಪದಕ ಹಾಕಿಕೊಂಡೇ ಹಲಸು ಬಿಡಿಸುತ್ತಿದ್ದ ವನಜ ಅಲ್ಲಿಂದಲೇ ಕೂಗಿದಳು:

"ಹ್ವಾಯ್, ಆ ಮೂಲಿಯಗೆ ಇನ್ನೂ ಸ್ವಲ್ಪ ರಣರಂಗ ಇತ್ ಕಾಣಿ! ಸಮಾ ತಿಕ್ಕಿ!"